ಇಟಗಿ, ಡಂಬಳ, ಸೂಡಿಗೆ ಬಂದವರು ಇಪ್ಪತ್ತೇ ನಿಮಿಷಕ್ಕೆ ಹೊರಡುತ್ತಾರೆ: ಪ್ರಸ್ತಾವನೆಯಲ್ಲಿ ಏನು ಕೇಳಬೇಕು?

ಕುಕನೂರು ಸೀಮೆಯವ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಕುಕನೂರು ತಾಲೂಕಿನವನು. ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಇಟಗಿಯ ಮಹಾದೇವ ದೇವಾಲಯ ನಮ್ಮ ಮಗ್ಗುಲಿಗೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಗುಡಿ ಅದು. ಅಲ್ಲಿನ ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆಯುತ್ತದೆ. ಈಚೆಗೆ ಸಮಾಜ ಮಾಧ್ಯಮಗಳಲ್ಲಿ ಅದರ ಚಿತ್ರಗಳು ಓಡಾಡುತ್ತಿರುವುದರಿಂದ ವಾರದ ಕೊನೆಗೆ ಕಾರುಗಳು ಬರತೊಡಗಿವೆ.

ಕಳೆದ ಚಳಿಗಾಲದಲ್ಲಿ ನಾಲ್ಕು ಭಾನುವಾರ ನಾನೂ ಇಬ್ಬರು ವಿದ್ಯಾರ್ಥಿಗಳೂ ಕಲ್ಯಾಣಿಯ ಪಕ್ಕ ಕುಳಿತು, ಬಂದವರು ಎಷ್ಟು ಹೊತ್ತು ನಿಲ್ಲುತ್ತಾರೆಂದು ನೋಟುಬುಕ್ಕಿನಲ್ಲಿ ಗುರುತು ಹಾಕಿಕೊಂಡೆವು. ಬಹುತೇಕರು ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಒಂದು ಸುತ್ತು, ಕಂಬಕ್ಕೆ ಒರಗಿ ನಾಲ್ಕು ಫೋಟೊ, ನೀರು ಸಿಗುತ್ತದೆಯೇ ಎಂಬ ಒಂದು ಪ್ರಶ್ನೆ, ಆಮೇಲೆ ಕಾರು ಹಂಪಿಯ ದಾರಿ ಹಿಡಿಯುತ್ತದೆ. ಊರಿನಲ್ಲಿ ಅವರು ಬಿಚ್ಚಿದ ಹಣ ಎಷ್ಟೆಂದರೆ ಎರಡು ಪೊಟ್ಟಣ ಬಿಸ್ಕತ್ತು, ಒಂದು ಬಾಟಲಿ ನೀರು.

ಈಗ ನಮ್ಮ ಕಡೆಯ ಕೆಲವು ಹಿರಿಯರು ಪ್ರವಾಸೋದ್ಯಮದ ಅನುದಾನಕ್ಕೆ ಪ್ರಸ್ತಾವನೆ ಬರೆದುಕೊಡಿ ಎಂದು ನನಗೆ ಹೇಳಿದ್ದಾರೆ. ಅವರ ಪಟ್ಟಿಯಲ್ಲಿ ಇರುವುದು ರಸ್ತೆಗೆ ಸ್ವಾಗತ ಕಮಾನು, ಗುಡಿಯ ಎದುರಿಗೆ ಉದ್ಯಾನ, ಬಣ್ಣದ ದೀಪದ ಕಾರಂಜಿ, ಹೈಮಾಸ್ಟ್ ಕಂಬ, ವರ್ಷಕ್ಕೊಂದು ಉತ್ಸವ. ಅವರ ಅಭಿಮಾನದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಇವೆಲ್ಲ ಬಂದ ಮೇಲೂ ಕಾರು ಇಪ್ಪತ್ತು ನಿಮಿಷಕ್ಕೇ ಹೊರಡುತ್ತದೆ ಎಂದು ನನಗನ್ನಿಸುತ್ತದೆ. ಇಟಗಿಯನ್ನಷ್ಟೇ ಅಲ್ಲದೆ ಕುಕನೂರಿನ ನವಲಿಂಗ ಗುಡಿ, ಪಕ್ಕದ ಗದಗ ಜಿಲ್ಲೆಯ ಸೂಡಿಯ ನಾಗಕುಂಡವೆಂಬ ಮೆಟ್ಟಿಲ ಕೊಳ, ಡಂಬಳದ ದೊಡ್ಡಬಸಪ್ಪ ಗುಡಿ, ಲಕ್ಕುಂಡಿ ಇವನ್ನೆಲ್ಲ ಸೇರಿಸಿ ಯೋಚಿಸಿದರೆ, ಒಂದು ಬಡ ಪಂಚಾಯಿತಿ ಮೊದಲು ಏನನ್ನು ಕೇಳಬೇಕು, ಏನನ್ನು ಕೇಳಲೇಬಾರದು? ಈ ಕೆಲಸದಲ್ಲಿ ಕೈಯಾಡಿಸಿದವರು ತಿಳಿಸಿಕೊಡಬೇಕಾಗಿ ವಿನಂತಿ.

ಗಾರೆಕೆಲಸ

ಮಾಸ್ತರರೇ, ಹಳೆಯ ಕಟ್ಟಡಗಳ ಜೀರ್ಣೋದ್ಧಾರದಲ್ಲಿ ಹದಿನೈದು ವರ್ಷಗಳಿಂದ ಇರುವ ಎಂಜಿನಿಯರ್ ನಾನು. ಪ್ರಸ್ತಾವನೆ ಬರೆಯುವುದಕ್ಕೆ ಮೊದಲು ಒಂದು ನಕ್ಷೆ ಬರೆಯಿರಿ ಎಂಬುದು ನನ್ನ ಮೊದಲ ಸಲಹೆ. ಪ್ರತಿ ಸ್ಮಾರಕದ ಎದುರು, ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆಯೋ, ರಾಜ್ಯದ ಪುರಾತತ್ವ ಇಲಾಖೆಯದೋ, ಮುಜರಾಯಿಗೆ ಸೇರಿದ್ದೋ, ಇಲ್ಲವೇ ಯಾರಿಗೂ ಸೇರದ್ದೋ ಎಂಬುದನ್ನು ಗುರುತಿಸಿಕೊಳ್ಳಿ. ಕರ್ನಾಟಕದಲ್ಲಿ ಕೇಂದ್ರದ ರಕ್ಷಣೆಯಲ್ಲಿ ಐನೂರಕ್ಕೂ ಹೆಚ್ಚು, ರಾಜ್ಯದ ರಕ್ಷಣೆಯಲ್ಲಿ ಎಂಟುನೂರಕ್ಕೂ ಹೆಚ್ಚು ಸ್ಮಾರಕಗಳಿವೆ. ಉಳಿದ ಸಾವಿರಾರು ಗುಡಿ, ಬಾವಿ, ವೀರಗಲ್ಲುಗಳಿಗೆ ಕಾಯುವವರೆಂದರೆ ಊರವರು ಮಾತ್ರ. ಈ ಮೂರೂ ವರ್ಗಕ್ಕೆ ಒಂದೇ ಪ್ರಸ್ತಾವನೆ ನಡೆಯುವುದಿಲ್ಲ.

ಇಟಗಿ ಕೇಂದ್ರದ ಸಂರಕ್ಷಿತ ಸ್ಮಾರಕ. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಸಂರಕ್ಷಿತ ಪ್ರದೇಶದ ಸುತ್ತಲಿನ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಮೊದಲನೆಯದರಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಇರುವ ಮನೆಯ ದುರಸ್ತಿಗೂ ಅನುಮತಿ ಬೇಕು. ಎರಡನೆಯದರಲ್ಲಿ ಅನುಮತಿ ಪಡೆದು ಕಟ್ಟಬಹುದು. ಹಾಗಾಗಿ ಗುಡಿಯ ಎದುರಿನ ಕಾರಂಜಿ, ಕಮಾನುಗಳನ್ನು ಪ್ರಸ್ತಾವನೆಯಲ್ಲಿ ಬರೆದರೆ ಕಡತವು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿ ಎರಡು ವರ್ಷದ ನಂತರ ಆಕ್ಷೇಪಣೆಯೊಂದಿಗೆ ಹಿಂತಿರುಗುತ್ತದೆ. ಅಷ್ಟರಲ್ಲಿ ಅನುದಾನ ಬೇರೆಡೆಗೆ ಹೋಗಿರುತ್ತದೆ. ಇಂಥ ಕಡತವೊಂದರ ಹಿಂದೆ ನಾನೇ ಚಪ್ಪಲಿ ಸವೆಸಿದ್ದೇನೆ.

ಕಾಯ್ದೆಯ ಇನ್ನೊಂದು ಮುಖವನ್ನೂ ಹೇಳಬೇಕು. ಲಕ್ಕುಂಡಿಯಂಥ ಊರಿನಲ್ಲಿ ಗುಡಿಯೂ ಮನೆಯೂ ಗೋಡೆಗೆ ಗೋಡೆ ಹಚ್ಚಿಕೊಂಡು ನಿಂತಿವೆ. ಮಗನ ಮದುವೆಗೆಂದು ಒಂದು ಕೋಣೆ ಎತ್ತಲು ಹೊರಟವನಿಗೆ ನೋಟಿಸು ಬಂದರೆ, ಆ ಗುಡಿ ಅವನ ಪಾಲಿಗೆ ಹೆಮ್ಮೆಯಾಗಿ ಉಳಿಯುವುದಿಲ್ಲ. ಐಹೊಳೆಯಲ್ಲಿ ಮನೆಗಳ ಸ್ಥಳಾಂತರದ ಮಾತು ದಶಕಗಳಿಂದ ನಡೆದೇ ಇದೆ. ಆದ್ದರಿಂದ ನಿಮ್ಮ ಪ್ರಸ್ತಾವನೆಯಲ್ಲಿ, 100 ಮೀಟರಿನೊಳಗೆ ಇರುವ ಮನೆಗಳವರಿಗೆ ದುರಸ್ತಿಯ ಅರ್ಜಿ ತುಂಬಿಸಿಕೊಡಲು ಪಂಚಾಯಿತಿಯಲ್ಲಿ ತಿಂಗಳಿಗೊಂದು ದಿನ ಒಬ್ಬರನ್ನು ಕೂರಿಸುವ ವ್ಯವಸ್ಥೆ ಇರಲಿ. ಖರ್ಚಿಲ್ಲದ ಕೆಲಸ, ಆದರೆ ಗುಡಿಯ ಬಗ್ಗೆ ಊರಿನ ಮನಸ್ಸು ತಿರುಗುವುದು ಅಲ್ಲಿಂದ.

ಯಾರ ರಕ್ಷಣೆಯಲ್ಲೂ ಇಲ್ಲದ ಗುಡಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅವುಗಳಿಗೆ ಅಪಾಯ ಮಳೆಗಿಂತ ಭಕ್ತಿಯಿಂದಲೇ ಹೆಚ್ಚು. ಎಣ್ಣೆಬಣ್ಣ, ಸುಣ್ಣ, ಗ್ರಾನೈಟ್ ಹಾಸು, ಗರ್ಭಗುಡಿಗೆ ಸ್ನಾನಗೃಹದ ಟೈಲ್ಸು! ನಮ್ಮ ಸೀಮೆಯ ಗುಡಿಗಳದು ಬಳಪದ ಕಲ್ಲು. ಕಣಿಯಿಂದ ಬಂದಾಗ ಮೆತ್ತಗಿದ್ದು, ಗಾಳಿಗೆ ಗಟ್ಟಿಯಾಗುತ್ತದೆ. ಅದರ ಮೇಲೆ ಬಣ್ಣ ಬಳಿದು, ಆಮೇಲೆ ಅದನ್ನು ತೆಗೆಯಲೆಂದು ಮರಳು ಚಿಮ್ಮುವ ಯಂತ್ರ ತಂದರೆ ಬಣ್ಣದ ಜೊತೆಗೆ ಉಳಿಯ ಗುರುತೂ ಹೋಗುತ್ತದೆ.

ರೊಟ್ಟಿ ಬುಟ್ಟಿ

ನಾನು ಗದಗ ಜಿಲ್ಲೆಯವಳು. ನಮ್ಮ ಸ್ತ್ರೀಶಕ್ತಿ ಸಂಘದ ಆರು ಮಂದಿ ಸೇರಿ ಮೂರು ವರ್ಷಗಳಿಂದ ಗುಡಿಗಳನ್ನು ನೋಡಲು ಬರುವ ಗುಂಪುಗಳಿಗೆ ಮಧ್ಯಾಹ್ನದ ಊಟ ಹಾಕುತ್ತಿದ್ದೇವೆ. ಮಾಸ್ತರರು ಕೇಳಿದ ಇಪ್ಪತ್ತು ನಿಮಿಷದ ಪ್ರಶ್ನೆಗೆ ನನಗೆ ಕಂಡ ಉತ್ತರ ಹೇಳುತ್ತೇನೆ. ಜನ ಬೇಗ ಹೊರಡುವುದು ಗುಡಿ ಬೇಸರವಾಗಿ ಅಲ್ಲ. ಗುಂಪಿನಲ್ಲಿ ಒಬ್ಬ ಹೆಣ್ಣುಮಗಳು ಶೌಚಾಲಯ ಎಲ್ಲಿದೆ ಎಂದು ಕೇಳುತ್ತಾಳೆ. ಇಲ್ಲ ಎಂದ ಕೂಡಲೇ ಎಲ್ಲರೂ ಗಾಡಿ ಹತ್ತುತ್ತಾರೆ. ಇದನ್ನು ನಾನು ನೂರು ಸಲ ನೋಡಿದ್ದೇನೆ.

ಶೌಚಾಲಯ ಕಟ್ಟಿಸಿದರೆ ಮುಗಿಯಿತು ಎಂದು ಮಾತ್ರ ಬರೆಯಬೇಡಿ. ಹೆಸರು ಬೇಡ, ಒಂದು ಊರಲ್ಲಿ ಚೆಂದದ ಶೌಚಾಲಯ ಕಟ್ಟಿ, ಉದ್ಘಾಟನೆಯ ಕಲ್ಲು ಹಾಕಿ, ಅದೇ ಸಂಜೆ ಬೀಗ ಹಾಕಿದರು. ನೀರಿನ ಜೋಡಣೆ ಇರಲಿಲ್ಲ, ಬಳಿಯಲು ಆಳು ಇರಲಿಲ್ಲ, ಕೀಲಿ ಯಾರ ಹತ್ತಿರ ಇದೆಯೆಂಬುದು ಇವತ್ತಿಗೂ ಗೊತ್ತಿಲ್ಲ. ಪ್ರಸ್ತಾವನೆಯಲ್ಲಿ ಕಟ್ಟಡದ ಮೊತ್ತಕ್ಕಿಂತ ಮೊದಲು, ತಿಂಗಳಿಗೆ ನೀರಿಗೆ ಎಷ್ಟು, ಸ್ವಚ್ಛ ಮಾಡುವವರ ಸಂಬಳ ಎಷ್ಟು, ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಬರೆಯಿರಿ. ತಲಾ ಐದು ರೂಪಾಯಿ ತೆಗೆದುಕೊಂಡು ಸಂಘವೇ ನಡೆಸುತ್ತದೆಂದರೂ ಆಗಬಹುದು. ನಾವು ಹಾಗೆಯೇ ನಡೆಸುತ್ತಿದ್ದೇವೆ.

ಊಟದ ವಿಷಯ. ಬೆಂಗಳೂರಿನಿಂದ ಬರುವವರಿಗೆ ದೋಸೆ, ಫ್ರೈಡ್ ರೈಸ್ ಮಾಡಬೇಕೆಂದು ಮೊದಮೊದಲು ನಾವೂ ಅಂದುಕೊಂಡಿದ್ದೆವು. ಬಂದವರು ಕೇಳಿದ್ದು ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿ, ಮೊಸರು. ರೊಟ್ಟಿ ಬಡಿಯುವ ಸಪ್ಪಳ ಕೇಳಿ ಒಲೆಯ ಹತ್ತಿರ ಬಂದು ಕೂರುತ್ತಾರೆ, ತಾವೂ ಒಂದು ಬಡಿದು ನೋಡುತ್ತಾರೆ, ಅದು ಹರಿಯುತ್ತದೆ, ನಗುತ್ತಾರೆ. ಅಷ್ಟರಲ್ಲಿ ಒಂದು ತಾಸು ಕಳೆದಿರುತ್ತದೆ. ಹೊರಡುವಾಗ ಕಟಕ ರೊಟ್ಟಿ, ಚಟ್ನಿಪುಡಿ ಕಟ್ಟಿಸಿಕೊಳ್ಳುತ್ತಾರೆ. ಆದರೆ ಹಿಂದಿನ ದಿನವೇ ಫೋನು ಬರದಿದ್ದರೆ ನಮಗೆ ಸಾಮಾನು ನಷ್ಟ. ಗುಡಿಯ ಬಳಿ ಊಟಕ್ಕೆ ಹೇಳಲು ಒಂದು ಫೋನ್ ನಂಬರ್ ಬರೆದ ಫಲಕ ಹಾಕಿಸಿ. ಕಾರಂಜಿಯ ದುಡ್ಡಿನಲ್ಲಿ ಅಂಥ ಫಲಕಗಳನ್ನು ತಾಲೂಕಿಗೆಲ್ಲ ಹಾಕಿಸಬಹುದು.

ಉತ್ಸವದ ಬಗ್ಗೆ ನನಗೆ ಮಿಶ್ರ ಅಭಿಪ್ರಾಯವಿದೆ. ಲಕ್ಕುಂಡಿ ಉತ್ಸವದ ದಿನಗಳಲ್ಲಿ ವ್ಯಾಪಾರ ಚೆನ್ನಾಗಿಯೇ ಆಗುತ್ತದೆ, ಊರಿನ ಮಕ್ಕಳಿಗೆ ನಮ್ಮೂರು ದೊಡ್ಡದು ಎಂಬ ಭಾವನೆ ಬರುತ್ತದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಎರಡು ದಿನದ ಜಾತ್ರೆಯಿಂದ ವರ್ಷದ ಒಲೆ ಉರಿಯುವುದಿಲ್ಲ.

ಹಂಪಿ ಕಂಡವನು

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ಈ ಊರುಗಳಿಗೆ ಪ್ರವಾಸೋದ್ಯಮ ಬೇಕೇ ಬೇಕು ಎಂದು ನಾವೇಕೆ ತೀರ್ಮಾನಿಸಿಕೊಂಡಿದ್ದೇವೆ? ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆಮೇಲೆ ಪ್ರವಾಸಿಗರನ್ನು ನಂಬಿ ಹಂಪಿ ಬಜಾರಿನ ಹಳೆಯ ಮಂಟಪಗಳಲ್ಲಿ ಅಂಗಡಿ, ಹೋಟೆಲು, ಮನೆ ಎಲ್ಲ ಬೆಳೆದವು. 2011ರಲ್ಲಿ ಅವನ್ನು ತೆರವುಗೊಳಿಸಿದರು. ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಕೆಡವಿದರು. ಕಟ್ಟಿದ್ದು ತಪ್ಪೋ, ಕಟ್ಟುವಾಗ ಸುಮ್ಮನಿದ್ದದ್ದು ತಪ್ಪೋ, ಒಟ್ಟಿನಲ್ಲಿ ಸಾಲ ಮಾಡಿ ಹೋಟೆಲು ಇಟ್ಟವನು ಬೀದಿಗೆ ಬಂದ. ಇಟಗಿಯ ಪ್ರಶಾಂತತೆಯೇ ಇಟಗಿಯ ಸೊಗಸು. ಅದನ್ನು ಕಾರಿನ ಸಾಲಿಗೆ ಒಪ್ಪಿಸುವ ಮುನ್ನ ಎರಡು ಬಾರಿ ಯೋಚಿಸಬೇಕು.

ಗಾರೆಕೆಲಸ

ಹಂಪಿಯ ಉದಾಹರಣೆ ಸರಿಯಾಗಿದೆ. ಆದರೆ ಅದರಿಂದ ನಾನು ಕಲಿತದ್ದು ಬೇರೆ. ಅಲ್ಲಿ ನಕ್ಷೆ, ನಿಯಮ ಬರುವ ಮೊದಲೇ ಜನರ ಹೊಟ್ಟೆಪಾಡು ಬೇರುಬಿಟ್ಟಿತ್ತು. ಇಟಗಿಯಲ್ಲಿ ಇನ್ನೂ ಬೇರುಬಿಟ್ಟಿಲ್ಲ. ಆದ್ದರಿಂದಲೇ 300 ಮೀಟರಿನ ಗೆರೆಯನ್ನು ಈಗಲೇ ಎಳೆದು, ಅದರಾಚೆಗೆ ವಾಹನ ನಿಲ್ದಾಣ, ಊಟದ ಮನೆ, ತಂಗುವ ಕೋಣೆಗಳಿಗೆ ಜಾಗ ಗೊತ್ತುಮಾಡಲು ಇದೇ ಸರಿಯಾದ ಕಾಲ. ಪ್ರವಾಸಿಗರು ಬೇಡ ಎಂದರೂ ಅವರು ಬರುತ್ತಾರೆ; ಫೋಟೊ ಆಗಲೇ ಹೊರಬಿದ್ದಿದೆ.

ಶಾಸನದ ಚಟ

ನಿವೃತ್ತ ಕನ್ನಡ ಅಧ್ಯಾಪಕ ನಾನು. ಗದಗ, ಕೊಪ್ಪಳ ಜಿಲ್ಲೆಗಳ ಊರುಗಳನ್ನು ಮೂವತ್ತು ವರ್ಷ ಬಸ್ಸಿನಲ್ಲೇ ಸುತ್ತಿದ್ದೇನೆ. ನನ್ನ ಮಾತು ಸ್ವಲ್ಪ ಉದ್ದವಾದರೆ ಕ್ಷಮಿಸಬೇಕು.

ಸ್ಮಾರಕದ ಬಾಗಿಲಲ್ಲಿ ನೀಲಿ ಫಲಕವೊಂದಿರುತ್ತದೆ. ಇದಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು ಅದು ಹೇಳುತ್ತದೆ. ಆ ಎಚ್ಚರಿಕೆ ಇರಬೇಕಾದದ್ದೇ. ಆದರೆ ಎಷ್ಟೋ ಕಡೆ ಕಣ್ಣಿಗೆ ಬೀಳುವ ಮಾತು ಅದೊಂದೇ. ಕಟ್ಟಿಸಿದವರು ಯಾರು, ಏಕೆ, ಎಲ್ಲಿ ನಿಂತು ನೋಡಬೇಕು ಎಂಬುದನ್ನು ತಿಳಿಯಾದ ಕನ್ನಡದಲ್ಲಿ ಹೇಳುವವರಿಲ್ಲ. ಹೇಳುವವರು ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಂಗ.

ಡಂಬಳದ ದೊಡ್ಡಬಸಪ್ಪ ಗುಡಿಯ ತಳವಿನ್ಯಾಸ ಇಪ್ಪತ್ನಾಲ್ಕು ಮೂಲೆಯ ನಕ್ಷತ್ರ. ಕಲ್ಯಾಣ ಚಾಲುಕ್ಯರ ಶಿಲ್ಪಿಗಳಲ್ಲೇ ಅಪರೂಪದ ಸಾಹಸ ಅದು. ಒಮ್ಮೆ ನನ್ನ ಜೊತೆ ಬಂದ ಗುಂಪು ಎಂದಿನಂತೆ ಬಸವಣ್ಣನಿಗೆ ಕೈಮುಗಿದು ಹೊರಡಲು ಅಣಿಯಾಗಿತ್ತು. ನಾನು ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಒಂದು ಚೌಕ ಬರೆದೆ. ಅದರ ನಟ್ಟನಡುವೆ ಕಡ್ಡಿ ಊರಿ, ಚೌಕವನ್ನು 15 ಡಿಗ್ರಿ ತಿರುಗಿಸಿ ಇನ್ನೊಂದನ್ನು ಬರೆದೆ. ಹೀಗೆ ಆರು ಚೌಕ. ಆರು ಚೌಕಕ್ಕೆ ನಾಲ್ಕು ನಾಲ್ಕು ಮೂಲೆ, ಒಟ್ಟು ಇಪ್ಪತ್ನಾಲ್ಕು. ಅಷ್ಟು ನೋಡಿದ್ದೇ ತಡ, ಹೊರಡಬೇಕೆಂದಿದ್ದ ಜನ ಗುಡಿಯ ಹೊರಗೋಡೆಯನ್ನು ಮುಟ್ಟಿ ಮುಟ್ಟಿ ಮೂಲೆಗಳನ್ನು ಎಣಿಸುತ್ತ ಸುತ್ತಿದರು. ನಕ್ಷತ್ರದ ಮೂಲೆಗಳು ತಳದಿಂದ ಶಿಖರದವರೆಗೂ ಏರಿರುವುದನ್ನು ಕತ್ತೆತ್ತಿ ಕಂಡರು. ಇಬ್ಬರಿಗೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದರು. ಮುಕ್ಕಾಲು ಗಂಟೆ ಹೋಯಿತು. ಇದಕ್ಕೆ ಆದ ಖರ್ಚು ಒಂದು ಕಡ್ಡಿ.

ಪ್ರತಿ ಸ್ಮಾರಕಕ್ಕೂ ಇಂಥ ಒಂದು ಹಿಡಿಕೆ ಇದೆ; ಅದನ್ನು ಹುಡುಕಿ ಊರಿನ ಹುಡುಗರ ಕೈಗೆ ಕೊಡಬೇಕು. ಲಕ್ಕುಂಡಿಯಲ್ಲಿ ಅದು ಅತ್ತಿಮಬ್ಬೆ. 1007ರಲ್ಲಿ ಅಲ್ಲಿನ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದ ಹೆಣ್ಣುಮಗಳು; ರನ್ನನಿಂದ ‘ಅಜಿತ ಪುರಾಣ’ ಬರೆಯಿಸಿದವಳು; ಪೊನ್ನನ ‘ಶಾಂತಿ ಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಪ್ರಸಿದ್ಧಳಾದವಳು. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಕೈಗಳು, ಎಷ್ಟು ಕಂಟಗಳು (ಓಲೆಯ ಮೇಲೆ ಬರೆಯುವ ಮೊನೆಗಡ್ಡಿಗಳು) ಎಂದು ಮಕ್ಕಳನ್ನು ಕೇಳಿ ನೋಡಿ. ಅದೇ ಊರಿನ ಮಾಣಿಕೇಶ್ವರ ಗುಡಿಯ ಎದುರಿನ ಮುಸುಕಿನ ಬಾವಿಯ ಹಿಡಿಕೆ ಬೇರೆ. ಮೇಲಿನಿಂದ ಫೋಟೊ ತೆಗೆದರೆ ಅದು ಒಂದು ಹೊಂಡ. ಮೆಟ್ಟಿಲಿಳಿದು ಹೋಗಿ, ಗೋಡೆಯಲ್ಲಿರುವ ಪುಟ್ಟ ಗುಡಿಯಂಥ ಗೂಡುಗಳ ಮಟ್ಟಕ್ಕೆ ನಿಂತು ತಲೆಯೆತ್ತಿದರೆ, ನೀರಿಗೂ ಗುಡಿ ಕಟ್ಟಿದ್ದಾರೆ ಎಂಬುದು ಹೊಳೆಯುತ್ತದೆ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡವನ್ನು (ಕೆತ್ತನೆಯ ಬಾಗಿಲ ಚೌಕಟ್ಟನ್ನು) ನಡುಹಗಲು ನೋಡಿದರೆ ಕಲ್ಲು, ಓರೆ ಬಿಸಿಲಲ್ಲಿ ನೋಡಿದರೆ ಕಸೂತಿ. ಇಟಗಿಯಲ್ಲಿ ಕಡೆದ ಕಂಬಗಳ ಬಳುಕನ್ನು ಬೆರಳಿನಿಂದ ಅಲ್ಲ, ಕಣ್ಣಿನಿಂದ ಸವರಲು ಕಲಿಸಬೇಕು. ಸಾವಿರ ಕೈಯ ಬೆವರು ಆ ನುಣುಪಿಗೆ ಒಳ್ಳೆಯದಲ್ಲ. (ಡಂಬಳದಲ್ಲಿ ಗೋಡೆ ಮುಟ್ಟಲು ಬಿಟ್ಟವನು ನಾನೇ ಎಂದು ಯಾರಾದರೂ ಹಿಡಿಯುವ ಮುನ್ನ ತಪ್ಪೊಪ್ಪಿಕೊಳ್ಳುತ್ತೇನೆ.)

ಊರವರಿಗೆ ಆಸಕ್ತಿಯಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಕಂಡುಬಂದ ಕಿತ್ತಯ್ಯನ ವೀರಗಲ್ಲಿನ ಕಾಲ ಸುಮಾರು ಕ್ರಿ.ಶ. 750. ಅದರಲ್ಲಿ ‘ಪೆರ್ಬೊಳಲ್ನಾಡು’ ಎಂದು ಹೆಬ್ಬಾಳದ ಹಳೆಯ ಹೆಸರಿದೆ ಎಂದು ಗೊತ್ತಾದ ಮೇಲೆ ಅದು ಬರಿಯ ಕಲ್ಲಾಗಿ ಉಳಿಯಲಿಲ್ಲ. ಅದಕ್ಕೊಂದು ಮಂಟಪ ಬೇಕೆಂದು ಜನ ಮುಂದೆ ಬಂದರು. ತಮ್ಮೂರ ಹೆಸರು ಕಲ್ಲಿನ ಮೇಲಿದೆ ಎಂದು ತೋರಿಸಿಕೊಟ್ಟರೆ ಅದರ ಮೇಲೆ ಬಟ್ಟೆ ಒಗೆಯುವವರು ಯಾರೂ ಇಲ್ಲ. ಲಕ್ಕುಂಡಿಯಲ್ಲೂ ಈಚಿನ ವರ್ಷಗಳಲ್ಲಿ ಹಿತ್ತಲು, ಕಟ್ಟೆಗಳಲ್ಲಿ ಬಿದ್ದಿದ್ದ ಶಿಲ್ಪಗಳನ್ನು ಒಟ್ಟುಗೂಡಿಸುವ ಕೆಲಸ ನಡೆದಾಗ ಊರವರೇ ಮುಂದೆ ಬಂದು ಕೊಟ್ಟರು.

ಹಾಗಾಗಿ, ಮಾಸ್ತರರೇ, ನಾನಾದರೆ ಪ್ರಸ್ತಾವನೆಯಲ್ಲಿ ಎಂಟು ಜನ ಸ್ಥಳೀಯ ಯುವಕ ಯುವತಿಯರಿಗೆ ಮಾರ್ಗದರ್ಶಿ ತರಬೇತಿಯನ್ನೂ, ಮೊದಲ ಎರಡು ವರ್ಷ ಅವರಿಗೆ ಗೌರವಧನವನ್ನೂ ಕೇಳುತ್ತೇನೆ. ಬಂದವರ ತಲೆಯೆಣಿಕೆ ಹೆಚ್ಚಿಸುವ ಗೋಜಿಗೇ ಹೋಗಬೇಡಿ. ಅವರು ನಿಲ್ಲುವ ತಾಸುಗಳನ್ನು ಹೆಚ್ಚಿಸಿ. ಹಂಪಿ ಕಂಡವರ ಆತಂಕಕ್ಕೂ ಇದೇ ನನ್ನ ಉತ್ತರ.

ಬಸ್ಸಿನ ಕಿಟಕಿ

ಬೆಂಗಳೂರಿನಿಂದ ವರ್ಷಕ್ಕೆ ಏಳೆಂಟು ಗುಂಪುಗಳನ್ನು ಕರೆತರುವವನ ಕಡೆಯಿಂದ ಕೆಲವೇ ಮಾತು. ಪ್ರವಾಸಿಗರನ್ನು ನೀವು ಹೊಸದಾಗಿ ಹುಡುಕಬೇಕಾಗಿಲ್ಲ. ಒಂದು ಕಡೆ ಹಂಪಿ, ಇನ್ನೊಂದು ಕಡೆ ಬಾದಾಮಿ, ಪಟ್ಟದಕಲ್ಲು. ಎರಡರ ನಡುವೆ ಓಡಾಡುವ ವಾಹನಗಳಿಗೆ ನಿಮ್ಮ ಸೀಮೆ ಕೂಗಳತೆಯಲ್ಲಿದೆ. ಲಕ್ಕುಂಡಿಯಂತೂ ಹುಬ್ಬಳ್ಳಿ, ಹೊಸಪೇಟೆ ಹೆದ್ದಾರಿಯ ಅಂಚಿನಲ್ಲೇ ಇದೆ. ಗದಗಿನಿಂದ ಸುಮಾರು 12 ಕಿ.ಮೀ. ಕೊರತೆಯಿರುವುದು ರಾತ್ರಿ ತಂಗುವ ಜಾಗಕ್ಕೆ. ಮೂವತ್ತು ಜನರಿಗೆ ಚೊಕ್ಕಟ ಹಾಸಿಗೆ, ಬಿಸಿನೀರು ಎಲ್ಲಿಯೂ ಸಿಗದ ಕಾರಣ ನಾನು ಗುಂಪನ್ನು ಸಂಜೆಯೊಳಗೆ ಹೊಸಪೇಟೆಗೆ ಮುಟ್ಟಿಸಲೇಬೇಕು. ಆ ಅವಸರದಲ್ಲಿ ಸೂಡಿಯ ಜೋಡು ಕಳಸದ ಗುಡಿಯೂ ನಾಗಕುಂಡವೂ ಪ್ರತಿ ಸಲ ಪಟ್ಟಿಯಿಂದ ಬಿಟ್ಟುಹೋಗುತ್ತವೆ. ದೊಡ್ಡ ಯಾತ್ರಿನಿವಾಸ ಬೇಡ. ಊರೊಳಗೆ ಐದು ಮನೆಗಳಲ್ಲಿ ಎರಡೆರಡು ಕೋಣೆ, ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ಎಂದು ನೋಂದಣಿ. ಶುರುವಿಗೆ ಅಷ್ಟು ಸಾಕು.

ರಾತ್ರಿ ಉಳಿದರೆ ಮರುದಿನ ಕಿನ್ನಾಳದ ಬಣ್ಣದ ಗೊಂಬೆ ಮಾಡುವವರ ಮನೆಗೂ ಗಜೇಂದ್ರಗಡದ ಸೀರೆಯ ಮಗ್ಗಕ್ಕೂ ಕರೆದೊಯ್ಯಬಹುದು. ಗದಗಿನ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಕುಳಿತು ಬರೆದನೆಂದು ತೋರಿಸುವ ಕಂಬದೆದುರು ಭಾರತ ವಾಚನ ಕೇಳಿಸಬಹುದು. ಇನ್ನೊಂದು: ಹುಬ್ಬಳ್ಳಿಯಿಂದ ಕುಷ್ಟಗಿಗೆ ಹೋಗುವ ರೈಲು ಈಗ ಕುಕನೂರಿನ ಮೇಲೆಯೇ ಹೋಗುತ್ತದೆ. ಅಲ್ಲಿಂದ ಇಟಗಿ ಹತ್ತು ಕಿಲೋಮೀಟರಿನೊಳಗಿದೆ. ರೈಲಿನ ವೇಳೆಗೆ ಹೊಂದುವ ಒಂದು ಬಸ್ಸನ್ನು, ಇಲ್ಲದಿದ್ದರೆ ದರ ನಿಗದಿಯಾದ ನಾಲ್ಕು ಆಟೊಗಳನ್ನು ಕೇಳಿ. ಕಾರಿಲ್ಲದ ವಿದ್ಯಾರ್ಥಿಗಳು ಬರುತ್ತಾರೆ, ಮತ್ತು ಅವರು ಇಡೀ ದಿನ ನಿಲ್ಲುತ್ತಾರೆ.

ಕುಕನೂರು ಸೀಮೆಯವ

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಋಣಿ. ಹಿರಿಯರ ಜೊತೆ ಕುಳಿತು ಪಟ್ಟಿಯನ್ನು ತಿದ್ದಿದ್ದೇವೆ. ಕಾರಂಜಿಯೂ ಹೈಮಾಸ್ಟ್ ಕಂಬವೂ ಹೋದವು. ಕಮಾನು ಹೋಗಲಿಲ್ಲ, ಅದನ್ನು ಗುಡಿಯಿಂದ ದೂರ, ಮುಖ್ಯ ರಸ್ತೆಯ ತಿರುವಿಗೆ ಒಯ್ದಿದ್ದೇವೆ, ಅಲ್ಲಿಗೆ ನನ್ನ ಶಕ್ತಿ ಮುಗಿಯಿತು. ಅವುಗಳ ಜಾಗಕ್ಕೆ ಶೌಚಾಲಯ ಮತ್ತು ಅದರ ಐದು ವರ್ಷದ ನಿರ್ವಹಣೆಯ ಲೆಕ್ಕ, ಎಂಟು ಮಾರ್ಗದರ್ಶಿಗಳ ಗೌರವಧನ, ಮೂರು ಮನೆಗಳ ಹೋಂಸ್ಟೇ (ಐದು ಸಿಗಲಿಲ್ಲ), ದುರಸ್ತಿ ಅರ್ಜಿಗಳಿಗೆ ತಿಂಗಳ ಮೊದಲ ಸೋಮವಾರ ಬಂದಿವೆ. ಊಟಕ್ಕೆ ನಮ್ಮ ಕಡೆಯ ಎರಡು ಸಂಘಗಳವರು ಒಪ್ಪಿದ್ದಾರೆ; ಅವರನ್ನು ಒಮ್ಮೆ ತಮ್ಮಲ್ಲಿಗೆ ಕಳಿಸಬಹುದೇ, ‘ರೊಟ್ಟಿ ಬುಟ್ಟಿ’ ಅಕ್ಕನವರೇ?

ಶಾಲೆಯ ಅಂಗಳದಲ್ಲಿ ಆರು ಚೌಕದ ನಕ್ಷತ್ರವನ್ನೂ ಬರೆಯಿಸಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಹಗ್ಗದಿಂದಲೇ 15 ಡಿಗ್ರಿಯನ್ನು ಹೇಗೆ ಅಳೆದರು ಸರ್ ಎಂದು ಕೇಳಿದಳು. ಗಣಿತದ ಶಿಕ್ಷಕರೂ ನಾನೂ ಅವತ್ತಿನಿಂದ ಹಗ್ಗ ಹಿಡಿದು ಕುಳಿತಿದ್ದೇವೆ.

ಒಂದು ಸಂಶಯ ಉಳಿದಿದೆ. ಶೌಚಾಲಯಕ್ಕೆ ಜಾಗ ನೋಡಲು ಟೇಪು ಹಿಡಿದು ಹೋದಾಗ, ಆ 100 ಮೀಟರನ್ನು ಗುಡಿಯ ಗೋಡೆಯಿಂದ ಅಳೆಯಬೇಕೋ, ಆವರಣದ ಬೇಲಿಯಿಂದಲೋ ಎಂದು ನಮ್ಮಲ್ಲೇ ಜಗಳವಾಯಿತು.

ಗಾರೆಕೆಲಸ

ಗೋಡೆಯಿಂದ ಅಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ. ಬೇಲಿಯೂ ಆ ಗಡಿಯೂ ಎಷ್ಟೋ ಕಡೆ ಒಂದೇ ಆಗಿರುವುದಿಲ್ಲ. ಆದ್ದರಿಂದ ಟೇಪನ್ನು ಮಡಚಿಟ್ಟು, ಮೊದಲು ಪುರಾತತ್ವ ಇಲಾಖೆಯ ಕಚೇರಿಯಿಂದ ಸರ್ವೆ ನಕ್ಷೆಯ ಪ್ರತಿ ಪಡೆದುಕೊಳ್ಳಿ. ಜಾಗ ನಿಯಂತ್ರಿತ ವಲಯದೊಳಗೆ ಬಿದ್ದರೆ, ಶೌಚಾಲಯಕ್ಕೆ ಅನುಮತಿ ಬೇಕೇ ಎಂದು ಅದೇ ಕಚೇರಿಯಲ್ಲಿ ಕೇಳಿಕೊಳ್ಳಿ. 310ನೆಯ ಮೀಟರಿನಲ್ಲಿ ಯಾರದಾದರೂ ಹೊಲ ಸಿಕ್ಕರೆ ಆ ಗೊಡವೆಯೂ ಇಲ್ಲ.